ನಮ್ಮ ಅತ್ತೆ ವಾದ್ಯವಾದದ್ದು

ಗ್ಯಾಸ್ ಸಿಲಿಂಡರ್ ಸಿಡಿಯಬಹುದಿತ್ತು. ಹಿಟ್ಟು ಹಾರಿ ಹಾರ್ಮೋನಿಯಂ ಕೆಮ್ಮಬಹುದಿತ್ತು. ಹೆಡ್ ಮಾಸ್ತರರು ಬಂದು, ಇದು ಪರೀಕ್ಷೆಯೋ ಖಾನಾವಳಿಯೋ ಎನ್ನಬಹುದಿತ್ತು. ಮಗಳಿಗೆ ಸೊನ್ನೆ ಬೀಳಬಹುದಿತ್ತು. ಇವೆಲ್ಲಕ್ಕೂ ಮೊದಲು ನನ್ನ ಎದೆಯೇ ನಿಂತುಬಿಡಬಹುದಿತ್ತು. ಯಾಕೆಂದರೆ ಆ ದಿನ ಇಳಕಲ್ಲಿನ ಶಾಲೆಯೊಂದರಲ್ಲಿ ನನ್ನ ಸೋದರತ್ತೆ ವಾದ್ಯವಾಗಿದ್ದಳು. ವಾದ್ಯ ನುಡಿಸುವವಳಲ್ಲ ಸ್ವಾಮಿ, ಖುದ್ದು ವಾದ್ಯ!

ನಮ್ಮ ಮನೆಯಲ್ಲೇ ಇರುವ ಈ ಅತ್ತೆಯ ಕಿವಿ ಸಾಮಾನ್ಯದ್ದಲ್ಲ. ಹುನಗುಂದದ ಬಸ್ಸಿನಲ್ಲಿ ಕಂಡಕ್ಟರಿಗೆ, "ಸೀಟಿ ಊದಿದ್ಯೋ, ಸೀನಿದ್ಯೋ? ಇನ್ನೊಮ್ಮೆ ಊದು!" ಎಂದಳು. ಅವನು ಊದಿದ, ಡ್ರೈವರ್ ಬಸ್ ನಿಲ್ಲಿಸಿದ, ಬೈಗುಳ ನನಗೆ ಬಿತ್ತು! ಬೆಳಿಗ್ಗೆ ಓಣಿಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ, "ಮೂಲಿಮನಿ ಸೊಸಿ ಸಿಟ್ಟಿನ್ಯಾಗ ಅದಾಳ. ಹಿಟ್ಟಲ್ಲ, ಅತ್ತೀನ್ನ ಬಡ್ಯಾಕತ್ತಾಳ" ಎನ್ನುತ್ತಾಳೆ. ಮಧ್ಯಾಹ್ನದೊಳಗೆ ಆ ಜಗಳ ಓಣಿಗೆ ಬಂದೇ ಬರುತ್ತದೆ. ಇನ್ನು ತನ್ನ ಕೈಯ ರೊಟ್ಟಿ ಈವರೆಗೆ ಒಂದೂ ಹರಿದಿಲ್ಲವೆಂಬ ಸೊಕ್ಕು ಬೇರೆ!

ಒಂಬತ್ತನೇ ಕ್ಲಾಸಿನ ನನ್ನ ಮಗಳು ಸಂಗೀತದ ಮಾರ್ಕ್ಸಿಗಾಗಿ ಸ್ವಂತ ರಚನೆಯೊಂದನ್ನು ನುಡಿಸಬೇಕಿತ್ತು. ಅತ್ತೆಯ ಕಿವಿಗೆ ಹೆದರಿ ಗೆಳತಿಯ ಮನೆಯಲ್ಲಿ ಕೂತು ಹಾರ್ಮೋನಿಯಂ ಮೇಲೆ ಧಾಟಿ ಕಟ್ಟಿದಳು. ತಾಳಕ್ಕೆ ಮಾತ್ರ ರೊಟ್ಟಿ ಬಡಿಯುವ ಸಪ್ಪಳವೇ ಬೇಕಂತೆ!

"ಮಾರ್ಕ್ಸ್ ಹೋಗ್ತಾವವಾ! ಫೋನಿನ್ಯಾಗ ತಬಲಾ ಸಿಗ್ತದ, ಅದನ್ನ ಹಚ್ಚು," ಎಂದೆ.

"ಆಗ ಅದು ನಂದು ಹೆಂಗಾಗ್ತದಪ್ಪಾ?"

ಸಂಗೀತದ ಮಾಸ್ತರರು, ತಬಲಾ ಇಲ್ಲದಿದ್ದರೆ ಮಾರ್ಕ್ಸಿಲ್ಲ ಎಂದರು. ಮಗಳು ಅತ್ತುಕೊಂಡು ಬಂದಳು. ಅತ್ತೆ ಸೆರಗು ಸಿಕ್ಕಿಸಿದಳು.

"ಅದ್ಹೆಂಗ ಕೊಡೂದಿಲ್ಲ ನೋಡ್ತೇನಿ. ನಾನ ಬರ್ತೇನಿ!"

"ಅತ್ತಿ, ಒಮ್ಮೆ ಆಕೀ ಜೋಡಿ ಪ್ರಾಕ್ಟೀಸರ ಮಾಡು."

"ಎದರ ಪ್ರಾಕ್ಟೀಸಲೇ? ನೀ ಹುಟ್ಟೂಕಿಂತ ಮೊದಲ ಮುಗಿಸೇನಿ!"

ಪರೀಕ್ಷೆಯ ದಿನ ರೊಟ್ಟಿ ಬಡಿಯುವ ಪರಾತ, ಹಿಟ್ಟು, ಬಿಸಿನೀರಿನ ಜೊತೆ ಹಂಚು, ಗ್ಯಾಸ್ ಒಲೆಯೂ ಹೊರಟವು. ಬಡಿದ ರೊಟ್ಟಿಯನ್ನು ಬೇಯಿಸದೆ ಬಿಟ್ಟರೆ ಅನ್ನ ಮುನಿಯುತ್ತದಂತೆ. ಹೊತ್ತವನು ಯಾರು? ನಾನೇ!

"ಅಮ್ಮಾರ, ಇದು ವಾದ್ಯ ಅಲ್ರಿ," ಎಂದರು ಮಾಸ್ತರರು.

"ನಿಮ್ಮ ಪಖವಾಜಿನ ಎಡಗಡೆ ಚರ್ಮಕ್ಕ ಹಿಟ್ಟ ಹಚ್ಚೂದಿಲ್ಲೇನ್ರಿ? ನಾ ಪಖವಾಜ ಮನ್ಯಾಗ ಬಿಟ್ಟು ಹಿಟ್ಟಷ್ಟ ತಂದೇನಿ!"

ಮಾಸ್ತರರಿಗೆ ನಗು ತಡೆಯಲಾಗಲಿಲ್ಲ. "ಆತು, ನುಡಸ್ರಿ. ತಾಳ ಯಾವುದವಾ?" ಎಂದು ಮಗಳನ್ನು ಕೇಳಿದರು.

"ನಮ್ಮ ಆಯಿದು, ಸರ್," ಎಂದು ಅತ್ತೆಯತ್ತ ಕೈ ತೋರಿದಳು. "ತೊಟ್ಟಿಲದಾಗಿಂದ ಇದನ್ನ ಕೇಳ್ಕೋತ ಎದ್ದೇನ್ರಿ."

ಅತ್ತೆ ಒಮ್ಮೆ ಅವಳ ಕಡೆ ನೋಡಿ, ಹಿಟ್ಟಿಗೆ ಕೈ ಹಾಕಿದಳು. ಪಟಪಟ ಶುರುವಾಯಿತು. ಧಾಟಿ ಅದರ ಬೆನ್ನು ಹತ್ತಿ, ಸುತ್ತಿ, ಮೆಲ್ಲಗೆ ಮೇಲೇರಿತು. ಅಲ್ಲಿ, ಇದ್ದಕ್ಕಿದ್ದಂತೆ ತಾಳ ನಿಂತಿತು! ನನ್ನ ಎದೆಯೂ ನಿಂತಿತು. ಅತ್ತೆ ಎತ್ತಿದ ಕೈ ಎತ್ತಿದಂತೆಯೇ ಧಾಟಿಗೆ ಕಿವಿಗೊಟ್ಟು ಕೂತಿದ್ದಳು; ಹಾರ್ಮೋನಿಯಂ ಒಂದೇ ಸ್ವಲ್ಪ ದೂರ ಹೋಯಿತು. ಆಮೇಲೆ ಆ ಕೈ ಮತ್ತೆ ಬಂದು ಜೊತೆಗೂಡಿತು.

ಸಿಲಿಂಡರ್ ಸಿಡಿಯಲಿಲ್ಲ. ಹೆಡ್ ಮಾಸ್ತರರು ಬರಲಿಲ್ಲ. ಸಂಗೀತದ ಮಾಸ್ತರರು ಮಾರ್ಕ್ಸ್ ಕೊಟ್ಟರು, ಬಿಸಿ ರೊಟ್ಟಿಯನ್ನೂ ತಿಂದರು; ನಿಂತ ತಾಳವನ್ನು ರಚನೆಯ ಭಾಗವೆಂದೇ ತಿಳಿದು ಹೊಗಳಿದರು.

ದಾರಿಯಲ್ಲಿ ಮೆಲ್ಲಗೆ ಕೇಳಿದೆ, "ಅತ್ತಿ, ನಡುವ ಒಂದು ರೊಟ್ಟಿ ಹರೀತಲ್ಲ?"

"ಹಿಟ್ಟು ಹಳೇದು," ಎಂದು ಆ ಕಡೆ ಮುಖ ತಿರುಗಿಸಿದಳು.

ಆ ಹಿಟ್ಟನ್ನು ಅಂದು ಬೆಳಿಗ್ಗೆಯೇ ಗಿರಣಿಯಿಂದ ಬೀಸಿಸಿ ತಂದವನು ನಾನು. ಶಾಲೆ ಮುಟ್ಟುವಾಗಲೂ ಚೀಲ ಬೆಚ್ಚಗಿತ್ತು.