ಜಾರದ ಸೆಟ್ಟು

ಹವ್ಯಾಸಿ ರೇಡಿಯೋ ಬಳಗದಲ್ಲಿ ಆ ಹೊಲಿಗೆಯಂತ್ರ ರಿಪೇರಿಯವನಿಗೆ 'ಜಾರುಬಂಡೆ' ಎಂದು ಹೆಸರು ಬಿದ್ದದ್ದು ಅವನ ಹಳೆಯ ಸೆಟ್ಟಿನಿಂದ. ಬಿಸಿಯಾದಂತೆಲ್ಲ ಅದರ ಫ್ರೀಕ್ವೆನ್ಸಿ ಮೆಲ್ಲಗೆ ಜಾರುತ್ತಿತ್ತು. ಮಾತು ಶುರುವಾಗುವಾಗ ಮನುಷ್ಯನ ದನಿ, ಮುಗಿಯುವ ಹೊತ್ತಿಗೆ ಬಾತುಕೋಳಿಯದು. ಬಳಗದ ಯಜಮಾನರೋ, ಅವನ ಹೆಂಡತಿಯ ಅಪ್ಪ, ನಿವೃತ್ತ ಡ್ರಿಲ್ ಮೇಷ್ಟ್ರು. "ಇವತ್ತು ಸಂಜೆ ಮೂರು ಸಲ ಜಾರಿದ್ರೆ ಬಳಗದಿಂದ ಹೊರಗೆ. ಅಳಿಯ ಅಂತ ನೋಡಲ್ಲ" ಎಂದುಬಿಟ್ಟಿದ್ದರು.

ಆ ಸಂಜೆಯ ಹರಟೆಯೊಂದೇ ಅವನ ಬಾಳಿನ ಸುಖ. ಬೆಳಗ್ಗೆಯೇ ಹಳೆಯ ಸೆಟ್ಟನ್ನು ಗುಜರಿಗೆ ಹಾಕಿ, ಹೆಂಡತಿಯನ್ನು ಕಾಡಿ ಬೇಡಿ ಒಪ್ಪಿಸಿ, ಫ್ರೀಕ್ವೆನ್ಸಿ ಸಿಂಥೆಸೈಜರ್ ಇರುವ ಹೊಸ ಸೆಟ್ಟು ತಂದ. ಒಮ್ಮೆ ಅಂಕಿ ನಿಲ್ಲಿಸಿದರೆ ಭೂಮಿ ನಡುಗಿದರೂ ಕದಲದು ಎಂದು ಅಂಗಡಿಯವನು ಆಣೆ ಮಾಡಿದ್ದ.

ಸಂಜೆ ಮೈಕ್ ಹಿಡಿದ. ನಾಲ್ಕು ಮಾತಾಡುವಷ್ಟರಲ್ಲೇ ಸೆಟ್ಟಿನೊಳಗಿಂದ ಮಾವ ಗುಡುಗಿದರು: "ಜಾರಿದ್ರಿ! ಒಂದು!"

"ಜಾರ್ತಿರೋದು ಸೆಟ್ಟಲ್ಲ ಕಣ್ರೀ, ನಿಮ್ಮ ಕೈ!" ಹೆಂಡತಿ ಹಣೆ ಚಚ್ಚಿಕೊಂಡಳು.

ನಿಜವೇ. ವರ್ಷಗಟ್ಟಲೆ ಹಳೆಯ ಸೆಟ್ಟನ್ನು ಹಾದಿಗೆ ತರುತ್ತಿದ್ದ ಎಡಗೈ ಅಭ್ಯಾಸಬಲದಿಂದ ಗುಂಡಿ ತಿರುಗಿಸುತ್ತಲೇ ಇತ್ತು. ಅವಳು ಅಂಕಿಯನ್ನು ಮೊದಲಿನ ಜಾಗಕ್ಕೆ ತಂದು, ಆ ಕೈಯನ್ನು ಟವಲಿನಿಂದ ಕುರ್ಚಿಗೆ ಬಿಗಿದಳು.

ಈಗ ಅಂಕಿ ಅಲುಗಾಡಲಿಲ್ಲ. ಆದರೂ ಮಾವನ ದನಿ ನಿಧಾನವಾಗಿ ಬಾತುಕೋಳಿಯದಾಯಿತು. "ಮತ್ತೆ ಜಾರಿದ್ರಿ! ಎರಡು!"

ಅಷ್ಟರಲ್ಲಿ, ಬಳಗದವರೇ ಆದ ಪಕ್ಕದ ಮನೆಯ ಔಷಧಿ ಅಂಗಡಿಯವರು ಏದುಸಿರು ಬಿಡುತ್ತ ಒಳನುಗ್ಗಿದರು.

"ಅಯ್ಯೋ ಮಾರಾಯ್ರೇ, ಜಾರ್ತಿರೋದು ನಿಮ್ಮ ಮಾವನ ಹಳೇ ಸೆಟ್ಟು! ನಾವೆಲ್ಲ ಹೋದ ತಿಂಗಳೇ ಇಂಥದ್ದು ತಗೊಂಡ್ವಿ. ಅವರು ಜಾರಿದ ಕಡೆಗೆ ಗುಂಡಿ ತಿರುಗಿಸ್ಕೊಂಡು ಹಿಂದೆ ಹಿಂದೆ ಹೋಗ್ತಿದ್ದೀವಿ."

"ಅವರಿಗೆ ಹೇಳೋದಲ್ವಾ?"

"ಅಳಿಯಂದಿರು ನೀವು. ನೀವೇ ಹೇಳಿ."

ಅವನು ಹೆಂಡತಿಯ ಮುಖ ನೋಡಿದ. ಅವಳು ಟವಲು ಬಿಚ್ಚಿದಳು.

ಆಮೇಲೆ ಎಡಗೈ ಮಾವನ ಬೆನ್ನು ಬಿಡಲಿಲ್ಲ. ಅವರು ಜಾರಿದತ್ತ ತಾನೂ ಜಾರಿತು. ಹರಟೆ ಮುಗಿಯುವವರೆಗೆ 'ಮೂರು' ಎಂಬ ಮಾತು ಬರಲಿಲ್ಲ.

"ಭೇಷ್!" ಎಂದರು ಮಾವ. "ಆಮೇಲೆ ಕೂದಲೆಳೆಯಷ್ಟೂ ಜಾರಲಿಲ್ಲ. ಯಾವ ಸೆಟ್ಟದು?"

ಹೋದ ಜೀವ ಬಂದಂತಾದ ಅಳಿಯ ಉಬ್ಬಿಹೋಗಿ ಸಿಂಥೆಸೈಜರಿನ ಮಹಿಮೆಯನ್ನೆಲ್ಲ ಬಣ್ಣಿಸಿದ. ಹೆಂಡತಿ ಸಾಕು ಎಂದು ಕಣ್ಸನ್ನೆ ಮಾಡಿದ್ದು ಅವನಿಗೆ ಕಾಣಲಿಲ್ಲ.

"ಹಾಗಾದ್ರೆ ಅದು ಯಜಮಾನನ ಹತ್ರ ಇರ್ಬೇಕಾದ್ದು. ನಾಳೆ ಬಂದು ತಗೊಂಡು ಹೋಗ್ತೀನಿ" ಎಂದರು ಮಾವ. "ಬೇಜಾರು ಮಾಡ್ಕೋಬೇಡಿ, ನನ್ನ ಸೆಟ್ಟು ನಿಮಗೇ ಕೊಡ್ತೀನಿ. ಇಷ್ಟು ವರ್ಷದಲ್ಲಿ ಒಂದು ಸಲವೂ ಜಾರಿದ್ದಿಲ್ಲ."