ಆಕಾಶದಲ್ಲೊಂದು ಹೋಲ್ಡಾನ್

ವಿಮಾನದಲ್ಲಿ ಯಾರಾದರೂ ಗಲಾಟೆ ಮಾಡಿದ ಸುದ್ದಿ ಪತ್ರಿಕೆಯಲ್ಲಿ ಬಂದರೆ ಆ ದಿನ ರಾಣೆಬೆನ್ನೂರಿನಲ್ಲಿ ನನ್ನ ಬೆಲೆ ಏರುತ್ತದೆ. ಒಬ್ಬ ದೊಡ್ಡ ಮನುಷ್ಯ ಗಗನಸಖಿಯ ಮೇಲೆ ರೇಗಾಡಿದನಂತೆ, ಇನ್ನೊಬ್ಬ ಪಾಯಖಾನೆಯಲ್ಲಿ ಕೂತು ಸಿಗರೇಟು ಸೇದಿದನಂತೆ, ಮತ್ತೊಬ್ಬ ಕಿಟಕಿಯ ಸೀಟಿಗಾಗಿ ಪಕ್ಕದವನ ಕೊರಳಪಟ್ಟಿ ಹಿಡಿದನಂತೆ. ಬಸ್‌ಸ್ಟ್ಯಾಂಡಿನ ಎದುರಿನ ಚಹಾದಂಗಡಿಯಲ್ಲಿ ಇದನ್ನು ಗಟ್ಟಿಯಾಗಿ ಓದಿದವರು ಪೇಪರು ಮಡಚಿ ನನ್ನ ಕಡೆ ತಿರುಗುತ್ತಾರೆ. “ಅಲ್ರೀ ಸರ್, ಇಷ್ಟ ಕಲ್ತ ಮಂದಿ ಹಿಂಗ್ಯಾಕ ಮಾಡ್ತಾರ? ನೀವು ವಿಮಾನದಾಗ ಅಡ್ಡಾಡಿದವರು, ನಿಮಗ ಗೊತ್ತಿರತೈತಿ” ಎನ್ನುತ್ತಾರೆ. ನಾನು ಸ್ವಲ್ಪ ತಡೆದು, ಗಂಟಲು ಸರಿ ಮಾಡಿಕೊಂಡು, “ಸಂಸ್ಕಾರ ಇಲ್ಲಪಾ, ಸಂಸ್ಕಾರ!” ಎನ್ನುತ್ತೇನೆ. ಎಲ್ಲರೂ ತಲೆಯಾಡಿಸುತ್ತಾರೆ. ಹೀಗೆ ಹೇಳುವಾಗ ನಾನು ಯಾರ ಮುಖವನ್ನೂ ನೋಡುವುದಿಲ್ಲ. ಕಪ್ಪಿನಿಂದ ಬಸಿಗೆ ಸುರುವಿಕೊಂಡ ಚಹಾವನ್ನೇ ನೋಡುತ್ತಿರುತ್ತೇನೆ. ಅದಕ್ಕೆ ಕಾರಣವಿದೆ, ಅದನ್ನು ನಿಮಗೆ ಮಾತ್ರ ಹೇಳುತ್ತೇನೆ.

ನಾನು ಇದೇ ಊರಿನ ಒಂದು ಬೀಜದ ಕಂಪನಿಯಲ್ಲಿ ನೌಕರ. ಹತ್ತಿ, ಮೆಣಸಿನಕಾಯಿ, ಟೊಮೆಟೊ ಬೀಜ ಮಾರುವ ಏಜೆಂಟರ ಜೊತೆ ಪತ್ರ ವ್ಯವಹಾರ ಮಾಡುವುದು, ಅವರ ಬೈಗುಳ ತಿನ್ನುವುದು, ಮಾಲೀಕರ ಬೈಗುಳವನ್ನು ಅವರಿಗೆ ತಲುಪಿಸುವುದು ಮೊನ್ನೆ ಮೊನ್ನೆಯ ತನಕ ನನ್ನ ಕೆಲಸವಾಗಿತ್ತು. ಮಾಲೀಕರನ್ನು ನಾವೆಲ್ಲ ಸಾಹುಕಾರ್ರು ಎನ್ನುತ್ತೇವೆ. ಬಹಳ ಹಿಂದೆ ಮುಂಬಯಿಯಲ್ಲಿದ್ದ ಷಡ್ಡಕನೊಬ್ಬನನ್ನು ಬೀಳ್ಕೊಡಲು ನಾನು ವಿಮಾನ ನಿಲ್ದಾಣದ ಬಾಗಿಲ ತನಕ ಹೋಗಿದ್ದೆ. ಬಾಗಿಲ ತನಕ ಮಾತ್ರ. ಅಲ್ಲಿ ಕಂಬಿ ಹಿಡಿದುಕೊಂಡು ನಿಂತು ಎರಡು ವಿಮಾನ ಏರುವುದನ್ನೂ ಒಂದು ಇಳಿಯುವುದನ್ನೂ ನೋಡಿದೆ. ಊರಿಗೆ ಬಂದು ಆಫೀಸಿನಲ್ಲಿ ಹೇಳುವಾಗ ಕಂಬಿ ಬಿಟ್ಟುಹೋಯಿತು. ಮುಂದಿನ ಸಲ ಹೇಳುವಾಗ ಮೆಟ್ಟಿಲು ಸೇರಿಕೊಂಡಿತು. ಅದರ ಮುಂದಿನ ಸಲ ಕಿಟಕಿಯಿಂದ ಸಮುದ್ರ ಕಂಡಿತು. ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ ಎಂದರೆ ಅದು ಇನ್ನೊಂದು ಸುಳ್ಳಾಗುತ್ತದೆ.

ಹೋದ ವರ್ಷ ಎಲ್ಲರಿಗಿಂತ ಹೆಚ್ಚು ಹತ್ತಿ ಬೀಜ ಮಾರಿದ ಇಬ್ಬರು ಏಜೆಂಟರಿಗೆ ಬಹುಮಾನವಾಗಿ ವಿಮಾನದಲ್ಲಿ ದಿಲ್ಲಿ ತೋರಿಸಬೇಕೆಂದು ಸಾಹುಕಾರರು ನಿಶ್ಚಯಿಸಿದರು. ಒಬ್ಬರು ಬ್ಯಾಡಗಿಯ ಗುರುಬಸಪ್ಪನವರು, ಅರವತ್ತರ ಆಸುಪಾಸಿನವರು, ಕಚ್ಚೆ ಪಂಚೆ, ಹೆಗಲ ಮೇಲೆ ಟವೆಲ್ಲು. ಇನ್ನೊಬ್ಬರು ಹಾವೇರಿಯ ಮೆಹಬೂಬಸಾಬರು, ಕನ್ನಡವನ್ನೂ ಉರ್ದುವನ್ನೂ ಒಂದೇ ಉಸಿರಿನಲ್ಲಿ ಆಡುವವರು. ಇಬ್ಬರನ್ನೂ ಕರೆದುಕೊಂಡು ಹೋಗುವ ಅನುಭವಸ್ಥ ಯಾರು? ಸಾಹುಕಾರರು ನನ್ನನ್ನು ಕರೆಸಿದರು. “ನೀವ ಹೋಗಬೇಕ್ರಿ. ಇವರಿಗೆ ವಿಮಾನದ ರೀತಿರಿವಾಜು ಗೊತ್ತಿಲ್ಲ. ನಮ್ಮ ಕಂಪನಿ ಮ್ಯಾಲ ಒಂದ ಕಂಪ್ಲೇಂಟ್ ಬರಬಾರದು. ಎಲ್ಲಾ ಛಲೋತ್ನಂಗ ಆತಂದ್ರ ಬಂದ ಮ್ಯಾಲ ನಿಮ್ಮ ಮ್ಯಾನೇಜರ್ ಕೆಲಸದ್ದು ಮಾತಾಡೂಣು” ಎಂದರು. ಹನ್ನೊಂದು ವರ್ಷದಿಂದ ನಾನು ಕಾಯುತ್ತಿದ್ದ ಮಾತು ಅದು. ಮನೆಗೆ ಹೋಗಿ ಹೇಳಿದೆ. ನನ್ನ ಹೆಂಡತಿ ಸಂಜೆಯೊಳಗೆ ಓಣಿಯಲ್ಲಿ ಯಾರನ್ನೂ ಬಿಡದೆ “ನಮ್ಮನಿಯವರು ಮ್ಯಾನೇಜರ್ ಆದ್ರು” ಎಂದು ಸಾರಿಬಿಟ್ಟಳು. ಆಗುತ್ತಾರೆ ಎಂದಲ್ಲ, ಆದರು ಎಂದು. ಇನ್ನು ಹಿಂದೆ ಸರಿಯುವಂತಿರಲಿಲ್ಲ.

ಹೊರಡುವ ಮೂರು ದಿನ ಮೊದಲು ಕಂಪನಿಯ ಗೋದಾಮಿನಲ್ಲಿ ಏಜೆಂಟರಿಬ್ಬರಿಗೂ ಶಿಸ್ತಿನ ಪಾಠ ಇಟ್ಟೆ. ಬೀಜದ ಚೀಲಗಳನ್ನು ಸಾಲಾಗಿ ಇಟ್ಟು ಸೀಟು ಮಾಡಿದೆ. ಬೆಲ್ಟಿನ ಬದಲು ಅವರವರ ಟವೆಲ್ಲನ್ನೇ ಹೊಟ್ಟೆಗೆ ಬಿಗಿದು ಗಂಟು ಹಾಕಿಸಿದೆ. ಗಟ್ಟಿಯಾಗಿ ಮಾತಾಡಬಾರದು, ಎದ್ದು ಅಡ್ಡಾಡಬಾರದು, ಎಲೆ ಅಡಿಕೆ ಉಗುಳಬಾರದು ಎಂದು ಕಡ್ಡಿ ಹಿಡಿದು ಹೇಳಿದೆ. ಮೆಹಬೂಬಸಾಬರು ಕೈ ಎತ್ತಿ, “ಸರ್, ಸೆಕೆ ಆದ್ರ ಕಿಟಕಿ ತಗಿಯಾಕ ಬರತೈತೇನ್ರಿ?” ಎಂದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದು ಅನುಭವಸ್ಥನ ಬಾಯಲ್ಲಿ ಬರುವ ಮಾತೇ? “ಸ್ವಲ್ಪ ಬರತೈತಿ, ಪೂರಾ ತಗಿಬಾರದು” ಎಂದೆ. ಗುರುಬಸಪ್ಪನವರು ಚೀಲದ ಮೇಲೆ ಕೂತು ನನ್ನನ್ನೇ ಒಂದು ಕ್ಷಣ ನೋಡಿ, ಹೊಟ್ಟೆಯ ಟವೆಲ್ಲನ್ನು ಇನ್ನಷ್ಟು ಬಿಗಿದುಕೊಂಡರು.

ಬೆಂಗಳೂರಿನಲ್ಲಿ ವಿಮಾನ ಹತ್ತಿದೆವು. ಗಗನಸಖಿ ಬಾಗಿಲಲ್ಲಿ ಕೈ ಮುಗಿದರೆ ಗುರುಬಸಪ್ಪನವರು ಚಪ್ಪಲಿ ಬಿಟ್ಟು ಪೂರ್ತಿ ನಮಸ್ಕಾರ ಮಾಡಿ, “ಆರಾಮ ಅದೀರೇನವಾ?” ಎಂದು ಕೇಳಿದರು. ಆಕೆಗೆ ಕನ್ನಡ ಬಾರದಿದ್ದರೂ ಕೇಳಿದ್ದು ತಿಳಿಯಿತೋ ಏನೋ, ನಿಜವಾಗಿ ನಕ್ಕಳು. ಆಮೇಲೆ ಅವರು ಹಾವೇರಿ ಬಸ್ಸಿನ ಅಭ್ಯಾಸದಂತೆ ನಡುದಾರಿಯಿಂದಲೇ ಟವೆಲ್ಲು ಬೀಸಿ ಒಗೆದು ದಾರಿಯಂಚಿನ ಒಂದು ಸೀಟು ಹಿಡಿದರು. ಅದು ನಮ್ಮ ಸೀಟಾಗಿರಲಿಲ್ಲ. ನಡುದಾರಿಯ ಆಚೆ ಬದಿಯದು, ಸಫಾರಿ ಸೂಟಿನ ಒಬ್ಬ ಸ್ಥೂಲಕಾಯರದು. ಅವರು ಟವೆಲ್ಲನ್ನು ಎರಡು ಬೆರಳಲ್ಲಿ ಎತ್ತಿ ನೆಲಕ್ಕೆ ಬಿಟ್ಟರು. ಇವರು “ತಪ್ಪಾತ್ರಿ ಸಾಹೇಬ್ರ” ಎಂದು ಎತ್ತಿಕೊಂಡು ಝಾಡಿಸಿ ಹೆಗಲಿಗೆ ಹಾಕಿಕೊಂಡರು. ನಾನು ನಾಚಿಕೆಯಿಂದ ಕುಗ್ಗಿದೆ. ಗೋದಾಮಿನ ಪಾಠವೆಲ್ಲ ನೀರುಪಾಲಾಯಿತಲ್ಲ ಎಂದು ಅವರ ಮೇಲೆ ಸಿಟ್ಟೂ ಬಂತು. ಮೂವರೂ ಒಂದೇ ಸಾಲಿನಲ್ಲಿ ಕೂತೆವು, ನಡುವೆ ಗುರುಬಸಪ್ಪನವರು, ಕಿಟಕಿಗೆ ನಾನು.

ಇನ್ನು ಆ ಸಫಾರಿ ಸೂಟಿನ ಮಹನೀಯರ ಸಂಸ್ಕಾರದ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರು ಚಿಟಿಕೆ ಹೊಡೆದು ಗಗನಸಖಿಯನ್ನು ಕರೆಯುತ್ತಿದ್ದರು. ನೀರು ತಣ್ಣಗಿಲ್ಲ ಎಂದು ಒಮ್ಮೆ, ವಿಪರೀತ ತಣ್ಣಗಿದೆ ಎಂದು ಒಮ್ಮೆ. ಪೇಪರು ಕೊಟ್ಟರೆ ಇಂಗ್ಲಿಷ್ ಪೇಪರೇ ಬೇಕು, ಕೊಟ್ಟಿದ್ದೂ ಇಂಗ್ಲಿಷೇ ಆಗಿದ್ದರೆ ಬೇರೆ ಇಂಗ್ಲಿಷ್ ಬೇಕು. ಬೂಟು ಕಳಚಿ ಕಾಲನ್ನು ದಾರಿಗೆ ಚಾಚಿದ್ದರು, ಆ ಹುಡುಗಿ ಪ್ರತಿ ಸಲ ಅದನ್ನು ದಾಟಿಕೊಂಡು ಹೋಗಬೇಕು. ಬೆಲ್ಟು ಕಟ್ಟಿಕೊಳ್ಳಿ ಎಂದರೆ, ನಾನು ಯಾರು ಗೊತ್ತೇ ಎಂದು ಕೇಳಿದರು. ಪಾಪ, ಆಕೆಗೆ ಗೊತ್ತಿರಲಿಲ್ಲ, ನಮಗೂ ಗೊತ್ತಾಗಲಿಲ್ಲ. ಆದರೆ ಇಷ್ಟನ್ನೂ ಅವರು ಇಂಗ್ಲಿಷಿನಲ್ಲಿ ಮಾಡುತ್ತಿದ್ದುದರಿಂದ ಅದು ಗಲಾಟೆ ಎಂದು ಯಾರಿಗೂ ಅನ್ನಿಸಲಿಲ್ಲ. ಗುರುಬಸಪ್ಪನವರು ಮಾತ್ರ ನನ್ನ ಕಿವಿಯ ಬಳಿ ಬಾಗಿ, “ಸರ್, ಇವರನ್ನೂ ಒಂದಿನ ನಮ್ಮ ಗೋದಾಮಿಗೆ ಕರಸಬೇಕಾಗಿತ್ತು ನೋಡ್ರಿ” ಎಂದರು.

ನನಗೆ ನಗುವ ಸ್ಥಿತಿ ಇರಲಿಲ್ಲ. ಬೆಲ್ಟಿನ ಕೊಕ್ಕೆ ಎಲ್ಲಿ ಸಿಕ್ಕಿಸಬೇಕೆಂದು ತಿಳಿಯದೆ ನಾನು ಅದರ ಎರಡೂ ತುದಿ ಸೇರಿಸಿ ಗಂಟು ಹಾಕಲು ಹೆಣಗಿ, ಕೊನೆಗೆ ಯಾರಿಗೂ ಕಾಣದಂತೆ ಅದರ ಮೇಲೆ ಅಂಗಿ ಎಳೆದುಕೊಂಡು ಕೂತಿದ್ದೆ. ನೆಲ ಬಿಡುವಾಗಲೇ ನನ್ನ ಹೊಟ್ಟೆಯಲ್ಲಿದ್ದ ಇಡ್ಲಿ ಬೆಂಗಳೂರಿನಲ್ಲೇ ಉಳಿಯಲು ಹಟ ಹಿಡಿದಿತ್ತು. ಸುಮಾರು ಒಂದು ತಾಸು ಕಳೆದಿರಬೇಕು. ಬೆಲ್ಟಿನ ದೀಪ ಹತ್ತಿತು. ಸಫಾರಿಯವರು ಅದೇ ಹೊತ್ತಿಗೆ ಎದ್ದು ಮೇಲಿನ ಪೆಟ್ಟಿಗೆ ತೆರೆದು ಏನೋ ಹುಡುಕತೊಡಗಿದರು. ವಿಮಾನ ಒಮ್ಮೆ ಅಲುಗಿತು, ಎರಡು ಸಲ ಅಲುಗಿತು, ಆಮೇಲೆ ಕೆಳಗೆ ಬಿತ್ತು. ಬಿದ್ದದ್ದು ಎಷ್ಟೋ ನನಗೆ ಗೊತ್ತಿಲ್ಲ, ನನ್ನ ಪ್ರಾಣ ಮಾತ್ರ ಮೇಲೆಯೇ ನಿಂತಿತ್ತು.

ನಾನು ಧಡಕ್ಕನೆ ಎದ್ದೆ. ಮೇಲಿನ ಪೆಟ್ಟಿಗೆಯ ಮೇಲೆ ಅಂಗೈಯಿಂದ ಎರಡು ಸಲ ಬಲವಾಗಿ ಬಡಿದೆ. “ಹೋಲ್ಡಾನ್! ಏ, ಹೋಲ್ಡಾನ್!” ಎಂದು ಒದರಿದೆ.

ನಮ್ಮ ಕಡೆಯ ಬಸ್ಸು ಹತ್ತಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಡಕ್ಟರ್ “ರೈಟ್” ಎಂದರೆ ಬಸ್ಸು ಹೋಗಬೇಕು, “ಹೋಲ್ಡಾನ್” ಎಂದರೆ ನಿಲ್ಲಬೇಕು. ಇಳಿಯುವ ಊರು ದಾಟಿದರೆ ನಾವೂ ಬಸ್ಸಿನ ಮೈ ಬಡಿದು ಹಾಗೇ ಕೂಗುತ್ತೇವೆ. ಹುಟ್ಟಿದಾಗಿನಿಂದ ಕೇಳಿದ ಶಬ್ದ. ಅದು ಇಂಗ್ಲಿಷ್ ಎಂದು ನನಗೆ ಆ ದಿನದ ತನಕ ಹೊಳೆದಿರಲಿಲ್ಲ, ಇಂಗ್ಲಿಷಿನಲ್ಲಿ ಅದರ ಅರ್ಥ ಗಟ್ಟಿಯಾಗಿ ಹಿಡಿದುಕೊಳ್ಳಿ ಎಂಬುದಂತೂ ಕನಸಿನಲ್ಲೂ ಇರಲಿಲ್ಲ. ವಿಮಾನ ನಿಲ್ಲಲಿಲ್ಲ. ಆದರೆ ಅದರಲ್ಲಿದ್ದ ಕಲಿತ ಜನರೆಲ್ಲ ವಿಮಾನ ನೆಲಕ್ಕೆ ಅಪ್ಪಳಿಸಲಿದೆ ಎಂದು ತಿಳಿದು ಸಿಕ್ಕಿದ್ದನ್ನು ಹಿಡಿದುಕೊಂಡರು. ಗಂಡ ಹೆಂಡತಿಯನ್ನು, ಹೆಂಡತಿ ಪಕ್ಕದವರನ್ನು, ಅಜ್ಜಿಯೊಬ್ಬರು ಮುಂದಿನ ಸೀಟಿನವರ ಕೂದಲನ್ನು. ಕೂದಲು ಅಜ್ಜಿಯ ಕೈಗೆ ಬಂತು, ಅದು ಟೋಪನ್ ಆಗಿತ್ತು. ಎಲ್ಲೆಡೆ ದೇವರ ಹೆಸರು, ಕೂಗು, ಅಳು. ನಿಂತೇ ಇದ್ದ ಸಫಾರಿಯವರು ಕೈಗೆ ಸಿಕ್ಕ ಗುರುಬಸಪ್ಪನವರ ಟವೆಲ್ಲನ್ನು ಎರಡೂ ಮುಷ್ಟಿಯಲ್ಲಿ ಹಿಡಿದು ಮಂಡಿಯೂರಿಬಿಟ್ಟರು. ಮೆಹಬೂಬಸಾಬರು ಅವರಿಗೆ, “ಘಾಬರಿ ಆಗಬ್ಯಾಡ್ರಿ, ಕುಂದರ್ರಿ, ಕುಂದರ್ರಿ” ಎಂದು ಬೆನ್ನು ಸವರುತ್ತಿದ್ದರು.

ವಿಮಾನ ಸರಿಹೋಯಿತು. ಸರಿಹೋಗುವುದು ಅದರ ಸ್ವಭಾವವಂತೆ. ಸ್ವಲ್ಪ ಹೊತ್ತಿಗೆ ಬಿಳಿ ಅಂಗಿಯ ಅಧಿಕಾರಿಯೊಬ್ಬರು ಕೈಯಲ್ಲಿ ಕಾಗದ ಹಿಡಿದು ಬಂದರು. ಸುಳ್ಳು ಅಪಾಯ ಸಾರಿ ಜನರನ್ನು ಹೆದರಿಸಿದವರು ಯಾರು, ಅವರ ಮೇಲೆ ವರದಿ ಹೋಗುತ್ತದೆ, ಟಿಕೆಟ್ ತೆಗೆಸಿದ ಕಂಪನಿಗೂ ಪತ್ರ ಹೋಗುತ್ತದೆ ಎಂದು ಹಿಂದಿಯಲ್ಲಿ ಹೇಳಿದರು. ಸಫಾರಿಯವರು ಸೀಟು ಸೇರಿ ಗತ್ತನ್ನು ಮರಳಿ ಪಡೆದಿದ್ದರು, ನಮ್ಮ ಸಾಲಿಗೆ ಬೆರಳು ತೋರಿಸಿದರು. ಯಾರೆಂದು ಅವರಿಗೂ ಗೊತ್ತಿಲ್ಲ, ಪಂಚೆಯ ಕಡೆಯಿಂದ ಬಂತು ಎಂಬುದಷ್ಟೇ ಗೊತ್ತು. ಸಾಹುಕಾರರು, ಮ್ಯಾನೇಜರ್ ಕುರ್ಚಿ, ಓಣಿಯೆಲ್ಲ ಸಾರಿ ಬಂದ ಹೆಂಡತಿ, ಎಲ್ಲರೂ ಒಟ್ಟಿಗೆ ಕಣ್ಣ ಮುಂದೆ ನಿಂತರು. ಒಂದು ಶಬ್ದ, ‘ನಾನು’ ಎಂಬ ಒಂದೇ ಶಬ್ದ ಹೇಳಬೇಕಾಗಿತ್ತು. ಅಷ್ಟು ಜೋರಾಗಿ ಒದರಿದ ಗಂಟಲಿನಿಂದ ಅದು ಹೊರಡಲಿಲ್ಲ.

“ನಾನರೀ ಒದರಿದಾಂವ” ಎಂದರು ಗುರುಬಸಪ್ಪನವರು. “ಹಳ್ಳಿ ಮನಷ್ಯಾ, ಹೆದರಿದ್ನಿ. ಬರಕೋರಿ ಹೆಸರು.” ಮೆಹಬೂಬಸಾಬರು ನನ್ನನ್ನೊಮ್ಮೆ, ಅವರನ್ನೊಮ್ಮೆ ನೋಡಿ, ಆ ಎರಡು ಮಾತನ್ನು ಎಂಥ ಇಂಪಾದ ಉರ್ದುವಿನಲ್ಲಿ ಕ್ಷಮೆ ಬೆರೆಸಿ ಹೇಳಿದರೆಂದರೆ ಅಧಿಕಾರಿ ಹೆಸರು ಬರೆದುಕೊಂಡು ಅವರಿಗೇ ಧನ್ಯವಾದ ಹೇಳಿ ಹೋದರು. ನಾನು ಕಿಟಕಿಯ ಹೊರಗೆ ಮೋಡ ನೋಡಿದೆ. ನಾಚಿಕೆಯಾಯಿತು. ನಿಜ ಹೇಳಬೇಕೆಂದರೆ ನಾಚಿಕೆಗಿಂತ ಮೊದಲು ಸಮಾಧಾನವಾಯಿತು, ನಾಚಿಕೆ ಆಮೇಲೆ ಬಂತು. ಅಂದಹಾಗೆ ಚಿಟಿಕೆ, ಕಾಲು, ನೀರು, ‘ನಾನು ಯಾರು ಗೊತ್ತೇ’, ಇವು ಯಾವುವೂ ಆ ಕಾಗದಕ್ಕೆ ಹೋಗಲಿಲ್ಲ.

ದಿಲ್ಲಿಯಲ್ಲಿ ಇಳಿದು ಸಾಮಾನಿಗೆ ಕಾಯುವಾಗ ಕೇಳಿದೆ, “ಯಾಕ್ರಿ ಯಜಮಾನ್ರ, ನಿಮ್ಮ ಮ್ಯಾಲ ಯಾಕ ಹಾಕ್ಕೊಂಡ್ರಿ?”

“ನೀವು ಮ್ಯಾನೇಜರ್ ಆಗೂದೈತಿ. ಈ ವಯಸ್ಸಿನಾಗ ನಾ ಏನ ಆಗೂದೈತಿ ಹೇಳ್ರಿ? ಮೊದಲನೇ ಸಲ ಕುಂತವರು ಹೆದರೂದ, ಮನಸಿಗೆ ಹಚ್ಚಕೋಬ್ಯಾಡ್ರಿ” ಎಂದರು.

ಮೊದಲನೇ ಸಲ! ನಾನು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದು, “ಬೆಲ್ಟಿಗೆ ಗಂಟ ಹಾಕೂ ಹೊತ್ತಿನ್ಯಾಗ ನೋಡೇನ್ರಿ. ಮೆಹಬೂಬಸಾಬ್ರಿಗೂ ಗೊತ್ತೈತಿ. ಯಾರಿಗೂ ಹೇಳಂಗಿಲ್ಲ” ಎಂದರು.

ಇಬ್ಬರೂ ಹೇಳಲಿಲ್ಲ. ವಿಮಾನದವರ ಪತ್ರ ಬಂತು. ಸಾಹುಕಾರರು ಓದಿ, “ಇಂಥಾವ್ರನ್ನ ಕಟಗೊಂಡು ನೀವು ಸುರಕ್ಷಿತ ಬಂದ್ರಲ್ಲ, ಅದ ದೊಡ್ಡದು” ಎಂದು ನನ್ನ ಬೆನ್ನು ತಟ್ಟಿದರು. ನಾನು ಮ್ಯಾನೇಜರಾದೆ. ಈ ವರ್ಷವೂ ಹತ್ತಿ ಬೀಜ ಮಾರಿದವರಲ್ಲಿ ಗುರುಬಸಪ್ಪನವರೇ ಮೊದಲಿಗರು. ಪ್ರವಾಸದ ಪಟ್ಟಿ ನನ್ನ ಮೇಜಿಗೆ ಬಂದಾಗ ಅವರ ಹೆಸರಿನ ಮೇಲೆ ಸಾಹುಕಾರರು ಗೆರೆ ಎಳೆದಿದ್ದರು. ಪಕ್ಕದಲ್ಲಿ ಕಾರಣ ಬರೆಯುವುದು ಮ್ಯಾನೇಜರನ ಕೆಲಸ. ‘ವಿಮಾನದಲ್ಲಿ ಅಶಿಸ್ತಿನ ವರ್ತನೆ’ ಎಂದು ಮುದ್ದಾದ ಅಕ್ಷರದಲ್ಲಿ ಬರೆದು ಸಹಿ ಮಾಡಿದವನು ನಾನೇ. ಪೆನ್ನು ಹಿಡಿದು ಬಹಳ ಹೊತ್ತು ಕೂತಿದ್ದೆ ಎಂದು ಹೇಳಿದರೆ ನಿಮಗೆ ಸ್ವಲ್ಪ ಒಳ್ಳೆಯವನಾಗಿ ಕಂಡೇನು, ಆದರೆ ಊಟಕ್ಕೆ ಹೊತ್ತಾಗಿತ್ತು, ಬೇಗ ಬರೆದೆ.

ಮೊನ್ನೆ ಬ್ಯಾಡಗಿಗೆ ಹೋಗಿ ಅವರಿಗೆ ನಾನೇ ತಿಳಿಸಿದೆ. ಮೆಣಸಿನಕಾಯಿಯ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿದ್ದುದರಿಂದ ಮುಖ ಮರೆಸಿಕೊಳ್ಳಲು ಅನುಕೂಲವಾಯಿತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಚಹಾ ತರಿಸಿದರು, “ಹೋಗ್ಲಿ ಬಿಡ್ರಿ, ಒಮ್ಮೆ ನೋಡಿದ್ದಾತು” ಎಂದರು. ನಾನು ಎದ್ದು ಚಪ್ಪಲಿ ಮೆಟ್ಟುವಾಗ ಕರೆದರು.

“ಅಲ್ರೀ ಮ್ಯಾನೇಜರ್ ಸಾಹೇಬ್ರ, ಈ ಸಲ ನಿಮ್ಮ ಬಾಜೂಕ ಯಾರು ಕುಂದರ್ತಾರ? ಏನರ ಆದ್ರ ‘ನಾನರೀ’ ಅನ್ನಾವ್ರು ಅದಾರೋ ಇಲ್ಲೋ?”

ಜೇಬಿನಲ್ಲಿದ್ದ ಸೀಟಿನ ಪಟ್ಟಿಯನ್ನು ತೆಗೆದು ನೋಡುವ ಅಗತ್ಯವಿರಲಿಲ್ಲ, ನಾನೇ ಟೈಪು ಮಾಡಿಸಿದ್ದು.

“ಸಾಹುಕಾರ್ರು” ಎಂದೆ.