ನಾನು ಮೂರು ಕಂಪ್ಯೂಟರುಗಳ ಗಡಿಯಾರ ಸರಿ ಮಾಡಿದ್ದು

ಕಂಪ್ಯೂಟರಿನ ಒಳಗೆ ಗಡಿಯಾರ ಇರುತ್ತದೆ ಎಂದು ನಮ್ಮ ಆಫೀಸಿನಲ್ಲಿ ಮೊದಲು ತಿಳಿದವನು ನಾನು. ಆ ತಿಳಿವಳಿಕೆಯನ್ನು ನನ್ನಲ್ಲೇ ಇಟ್ಟುಕೊಂಡಿದ್ದರೆ ಕಾರವಾರದಲ್ಲಿ ನನಗೆ ಈಗಲೂ ಸ್ವಲ್ಪ ಮರ್ಯಾದೆ ಇರುತ್ತಿತ್ತು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಅಂಕೋಲೆಯಿಂದ ದಿನಾ ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿಬರುವ ಗುಮಾಸ್ತ. ಮೂರು ತಿಂಗಳ ಕಂಪ್ಯೂಟರ್ ಕೋರ್ಸು ಮುಗಿಸಿ, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ, ದೇವರ ಫೋಟೋದ ಪಕ್ಕದಲ್ಲೇ ತೂಗುಹಾಕಿದ್ದೆ. ಹೀಗಾಗಿ ಆಫೀಸಿಗೆ ನಾಲ್ಕು ಕಂಪ್ಯೂಟರ್ ಬಂದಾಗ ಅವುಗಳ ಯೋಗಕ್ಷೇಮ ನನ್ನ ಪಾಲಿಗೆ ಬಂತು. ದೊಡ್ಡದು ಸರ್ವರ್; ಅದು ಸಾಹೇಬರ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿತು. ಉಳಿದ ಮೂರು ಕೌಂಟರುಗಳಲ್ಲಿ ಕೂತವು. ನಾಲ್ಕಕ್ಕೂ ಕೇಬಲ್ ಸಂಬಂಧ. ನಾವು ಕುಂಕುಮ ಹಚ್ಚಿ, ಕಾಯಿ ಒಡೆದು, ಚಪ್ಪಲಿ ಹೊರಗಿಟ್ಟು ಅವುಗಳ ಬಳಿ ಹೋಗುತ್ತಿದ್ದೆವು.

ಆ ವರ್ಷ ಹೆಂಗಸರಿಗೆ ಹೊಲಿಗೆ ಯಂತ್ರ ಕೊಡುವ ಯೋಜನೆ ಬಂತು. ಮೊದಲು ಅರ್ಜಿ ಕೊಟ್ಟ ಇಪ್ಪತ್ತು ಜನರಿಗೆ ಮಾತ್ರ. ನಮ್ಮ ಪೆಡ್ನೇಕರ್ ಸಾಹೇಬರು ಮೇಜು ಕುಟ್ಟಿ ಹೇಳಿದರು: "ಈ ಸಲ ಯಾರ ಚೀಟಿನೂ ನಡೆಯೂದಿಲ್ಲ, ಯಾರ ಫೋನೂ ನಡೆಯೂದಿಲ್ಲ. ಅರ್ಜಿ ಬಂದ ವೇಳೆ ಕಂಪ್ಯೂಟರ್ ಹಾಕ್ತದೆ. ಯಾರು ಮೊದಲು ಅಂತ ಅದೇ ಹೇಳ್ತದೆ."

"ಅದು ಸುಳ್ಳು ಹೇಳೂದಿಲ್ಲ ಸಾಹೇಬ್ರೆ," ಎಂದೆ ನಾನು. ಯಾರೂ ಕೇಳಿರಲಿಲ್ಲ.

ಅರ್ಜಿ ತೆಗೆದುಕೊಳ್ಳುವ ಹಿಂದಿನ ದಿನ ಮಧ್ಯಾಹ್ನ ಪರೀಕ್ಷೆ ಮಾಡಿದರೆ ಮೂರು ಕೌಂಟರುಗಳಲ್ಲಿ ಮೂರು ವೇಳೆ! ಮೊದಲನೆಯದು ಊಟ ಮುಗಿಸಿತ್ತು, ಎರಡನೆಯದು ಇನ್ನೂ ಊಟಕ್ಕೆ ಎದ್ದಿರಲಿಲ್ಲ. ಮೂರನೆಯದರ ಪ್ರಕಾರ ಅಂದು ಒಂದನೇ ಜನವರಿ ಸಾವಿರದ ಒಂಬೈನೂರ ಎಂಬತ್ತು. ಸಮುದ್ರದ ಗಾಳಿಗೆ ಅದರ ಒಳಗಿನ ಬ್ಯಾಟರಿ ಹಾಳಾಗಿತ್ತು. ಹುಬ್ಬಳ್ಳಿಯ ಇಂಜಿನಿಯರಿಗೆ ಫೋನು ಮಾಡಿದೆ. "ಸರ್ವರ್ ಟೈಮ್ ಕರೆಕ್ಟ್ ಇಡ್ರಿ. ಉಳಿದವು ಚಾಲೂ ಆಗೋ ಮುಂದ ಅದರದೇ ಟೈಮ್ ತಗೋತಾವ," ಎಂದರು ಅವರು. ಇಷ್ಟೇ ತಾನೆ!

ಕರೆಕ್ಟ್ ಟೈಮ್ ಎಲ್ಲಿಂದ ತರುವುದು? ಆಫೀಸಿನ ಗೋಡೆ ಗಡಿಯಾರ ಎರಡು ವರ್ಷದಿಂದ ಐದಕ್ಕೆ ಹತ್ತು ನಿಮಿಷ ಇದ್ದಂತೆ ನಿಂತಿತ್ತು. ಮನೆಗೆ ಹೋಗುವ ಹೊತ್ತು ಸಮೀಪವಿದೆ ಎಂಬ ಸಮಾಧಾನಕ್ಕೆ ಅದನ್ನು ಯಾರೂ ಮುಟ್ಟಿರಲಿಲ್ಲ. ಹಾಗಾಗಿ ನನ್ನ ವಾಚನ್ನೇ ನಂಬಿದೆ. ಬಸ್ಸು ತಪ್ಪಬಾರದೆಂದು ನನ್ನ ಹೆಂಡತಿ ಶಾರದೆ ಅದನ್ನು ಹದಿನೈದು ನಿಮಿಷ ಮುಂದಿಟ್ಟಿರುತ್ತಾಳೆ. ನಾನೇನು ದಡ್ಡನೆ? ಹದಿನೈದನ್ನು ಕಳೆದೇ ಸರ್ವರಿಗೆ ವೇಳೆ ಕೊಟ್ಟೆ.

ಮರುದಿನ ವರಾಂಡ ತುಂಬ ಹೆಂಗಸರು. ಎಲ್ಲರಿಗಿಂತ ಮುಂದೆ ಕದ್ವಾಡದ ದೇವಮ್ಮ. ಕೂಲಿ ಬಿಟ್ಟು ಬೆಳಿಗ್ಗೆ ಆರೂವರೆಗೇ ಬಂದು ಕೂತಿದ್ದಳು. ಹೊಲಿಗೆ ಕಲಿತಿದ್ದಳು, ಯಂತ್ರ ಮಾತ್ರ ಇರಲಿಲ್ಲ. ಪಕ್ಕದ ಮನೆಯವರು ಊಟಕ್ಕೆ ಎದ್ದಾಗ ಅವರ ಯಂತ್ರದಲ್ಲಿ ಅರ್ಧ ರವಿಕೆ ಹೊಲಿದು, ಉಳಿದರ್ಧಕ್ಕೆ ಅವರ ಮರುದಿನದ ಊಟ ಕಾಯುತ್ತಿದ್ದಳಂತೆ. "ಇದೊಂದು ಸಿಕ್ರೆ ನಾನು ಯಾರ ಬಾಗ್ಲಲ್ಲೂ ನಿಲ್ಲೂದಿಲ್ರಾ," ಎಂದಳು.

"ಚಿಂತೆ ಬಿಡು. ನಿನ್ನ ನಂಬರ್ ಒಂದೇ," ಎಂದು ಅಭಯ ಕೊಟ್ಟೆ.

ಹತ್ತು ಗಂಟೆಗೆ ಅರ್ಜಿ ಶುರು. ಕಂಪ್ಯೂಟರುಗಳು ಹತ್ತೂ ಇಪ್ಪತ್ತೈದು ಎಂದವು. ಕೌಂಟರಿನವರಿಗೆ ಅನುಮಾನ ಬರಲಿಲ್ಲ. ನಮ್ಮ ಆಫೀಸು ತೆರೆಯುತ್ತಿದ್ದದ್ದೇ ಆ ಹೊತ್ತಿಗೆ. ಅನುಮಾನ ಬಂದದ್ದು ಸಾಹೇಬರಿಗೆ. ಅವರು ರೇಡಿಯೋ ವಾರ್ತೆಗೆ ವಾಚು ಸರಿ ಮಾಡಿಕೊಳ್ಳುವವರು.

"ಅರೇ, ಕಿತೆಂ ಹೇಂ, ಏನಿದು? ಜನ್ಮದಲ್ಲಿ ಒಂದು ದಿವಸ ನಾನು ಸರಿಯಾದ ವೇಳೆಗೆ ಬಂದ್ರೆ ನಿನ್ನ ಮೆಷಿನ್ ನನ್ನ ಲೇಟ್ ಮಾಡ್ತದಲ್ಲೋ."

ನಾನು ಅಂಕೋಲೆಯ ನೆರೆಮನೆಗೆ ಫೋನು ಮಾಡಿ ಶಾರದೆಯನ್ನು ಕರೆಸಿದೆ.

"ನನ್ನ ವಾಚು ಎಷ್ಟು ಮುಂದೆ ಅದೆ?"

"ನಲವತ್ತು ನಿಮಿಷ."

"ಹದಿನೈದಲ್ವಾ?"

"ನೀವು ಹದಿನೈದು ಕಳೆದೇ ಲೆಕ್ಕ ಹಾಕ್ತ್ರಿ ಅಂತ ಗೊತ್ತಾಯ್ತು. ಅದ್ಕೇ ಇನ್ನಷ್ಟು ಮುಂದಿಟ್ಟೆ. ಎಂತಕೆ, ಬಸ್ ತಪ್ಪೋಯ್ತಾ?"

ಬಸ್ಸು ದಿನಾ ಇಪ್ಪತ್ತೈದು ನಿಮಿಷ ತಡವಾಗಿ ಬರುತ್ತಿದೆ ಎಂದು ನಾನು ಆ ತಿಂಗಳಲ್ಲೇ ಎರಡು ದೂರು ಬರೆದಿದ್ದೆ.

ಇಂಥ ಹೊತ್ತಿನಲ್ಲಿ ಬುದ್ಧಿವಂತನು ಸುಮ್ಮನಿರುತ್ತಾನೆ. ಎಲ್ಲರ ವೇಳೆಯೂ ಒಂದೇ ಸಮ ತಪ್ಪಿದ್ದರೆ ಯಾರಿಗೂ ಅನ್ಯಾಯವಿಲ್ಲ. ಆದರೆ ನಾನು ತಜ್ಞ! ಓಡಿಹೋಗಿ ಸರ್ವರನ್ನು ಇಪ್ಪತ್ತೈದು ನಿಮಿಷ ಹಿಂದಕ್ಕೆ ತಂದೆ. ಮೂರೂ ಕೌಂಟರುಗಳನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಆ ಓಡಾಟದಲ್ಲಿ ನನ್ನ ಕಾಲು ಮೂರನೇ ಕೌಂಟರಿನ ಕೇಬಲಿಗೆ ತಾಗಿ ಅದು ಕಿತ್ತುಬಂತು. ನಾನು ನೋಡಲಿಲ್ಲ. ಸರ್ವರಿನ ಸಂಬಂಧ ಕಡಿದ ಆ ಯಂತ್ರ ಸದ್ದಿಲ್ಲದೆ ಎಂಬತ್ತನೇ ಇಸವಿಗೆ ಹೋಗಿ ಅಲ್ಲಿಂದಲೇ ಅರ್ಜಿ ತೆಗೆದುಕೊಳ್ಳತೊಡಗಿತು.

ಮಧ್ಯಾಹ್ನ ಅದರ ಅರ್ಜಿಗಳು ಸರ್ವರಿಗೆ ಬಂದಿಲ್ಲವೆಂದು ಕಂಡು, ಅವನ್ನು ಫ್ಲಾಪಿಯಲ್ಲಿ ತಂದು ಸೇರಿಸಿ, ಪಟ್ಟಿ ಮುದ್ರಿಸಿ, ವರಾಂಡದಲ್ಲಿ ನಿಂತು ಗಂಭೀರವಾಗಿ ಓದಿದೆ. ಮೊದಲ ಹನ್ನೊಂದು ಹೆಸರು ಮೂರನೇ ಕೌಂಟರಿನವು. ಅವರು ಯೋಜನೆ ಹುಟ್ಟುವ ಹದಿನೈದು ವರ್ಷ ಮೊದಲೇ ಅರ್ಜಿ ಕೊಟ್ಟಿದ್ದರು. ಒಬ್ಬಳಂತೂ ತನ್ನ ಐದನೇ ವಯಸ್ಸಿನಲ್ಲಿ, ಗಂಡನ ಹೆಸರಿನ ಸಮೇತ! ಆಮೇಲಿನ ಹತ್ತೊಂಬತ್ತು ಹೆಸರು ನಾನು ಗಡಿಯಾರ ಸರಿ ಮಾಡಿದ ಮೇಲೆ ಬಂದವರದು. ಸರಿ ಮಾಡುವ ಮೊದಲು ಬಂದವರಿಗೆ ಹತ್ತೂ ಇಪ್ಪತ್ತೈದರ ಮುದ್ರೆ ಬಿದ್ದಿತ್ತಲ್ಲ, ಅವರೆಲ್ಲ ಹಿಂದೆ. ದೇವಮ್ಮನ ನಂಬರ್ ಮೂವತ್ತೊಂದು.

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಉತ್ತರ ಕೊಡಲು ಬರುತ್ತಿತ್ತು. "ಹಂಗಾರೆ ನಾನು ಬೆಳಿಗ್ಗೆ ಬಂದದ್ದು ಬಂದಹಾಗಲ್ವಾ?" ಎಂದು ಮೆಲ್ಲಗೆ ಕೇಳಿದಳು. ನನಗೆ ನಿಜವಾಗಿ ನಾಚಿಕೆಯಾಯಿತು. ಆದರೂ ಬಾಯಿ ಸುಮ್ಮನಿರಬೇಕಲ್ಲ. "ಕಂಪ್ಯೂಟರಿನಲ್ಲಿ ಹಾಗೇ ಬಂದದೆ," ಎಂದೆ.

ಸಾಹೇಬರು ಪಟ್ಟಿಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಎರಡರಲ್ಲೂ ಅವರಿಗೆ ಏನೂ ಸಿಗಲಿಲ್ಲ.

ಆಗ ದೇವಮ್ಮನೇ ಹೇಳಿದಳು: "ಸಾಹೇಬ್ರೆ, ನಮ್ಮನ್ನೇ ಕೇಳಿ. ನಾ ಬರೂವಾಗ ಇಲ್ಲಿ ಯಾರೂ ಇರ್ಲಿಲ್ಲ. ನನ್ನ ಹಿಂದೆ ತೋಡೂರಿನ ಸುಶೀಲ, ಅವಳ ಹಿಂದೆ ಆ ಹಸಿರು ಸೀರೆಯವಳು."

"ಹೌದು," ಎಂದಳು ಸುಶೀಲ. "ನನ್ನ ಹಿಂದೆ ಇವಳೇ. ನಡುವೆ ಚಾ ಕುಡಿಯೂಕೆ ಹೋದ್ಲು, ಜಾಗ ನಾನೇ ಹಿಡ್ಕಂಡಿದ್ದೆ."

ಹೆಂಗಸರೆಲ್ಲ ಎದ್ದು, ಒಬ್ಬರನ್ನೊಬ್ಬರು ತೋಳು ಹಿಡಿದು ಎಳೆದು, ಬೆಳಗಿನ ಸಾಲನ್ನು ಹಾಗೆಯೇ ನಿಲ್ಲಿಸಿದರು. ಎಂಬತ್ತನೇ ಇಸವಿಯಿಂದ ಬಂದಿದ್ದವರೂ ಗೊಣಗುತ್ತಲೇ ತಂತಮ್ಮ ಜಾಗಕ್ಕೆ ಹೋಗಿ ನಿಂತರು. ಒಂದೇ ಒಂದು ಕಡೆ ಮಾತು ಬಂತು. ಹಿಂದೆ ನಿಂತವಳು ಅದನ್ನು ಅಲ್ಲೇ ತೀರಿಸಿದಳು. ಇಷ್ಟಕ್ಕೆ ಚಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ. ಕೇಬಲ್ಲೂ ಬೇಕಾಗಲಿಲ್ಲ.

ಸಾಹೇಬರು ಕೈಯಿಂದಲೇ ಇಪ್ಪತ್ತು ಹೆಸರು ಬರೆದರು. ಮೊದಲನೆಯದು ದೇವಮ್ಮ. ಪರಿಶೀಲಿಸಿದ್ದೇನೆ ಎಂದು ಕೆಳಗೆ ನಾನು ಸಹಿ ಮಾಡಬೇಕಿತ್ತು. ಕಳೆದ ಮಾನವನ್ನು ಸ್ವಲ್ಪವಾದರೂ ಹಿಂದೆ ಪಡೆಯೋಣವೆಂದು ಪೆನ್ನು ತೆಗೆದು, ದಿನಾಂಕ ಹಾಕಿ, ವೇಳೆ ಬರೆಯಲು ಗತ್ತಿನಿಂದ ವಾಚು ನೋಡಿದೆ.

ದೇವಮ್ಮ ಕಾಗದದ ಮೇಲೆ ಕೈ ಅಡ್ಡ ಇಟ್ಟಳು.

"ವೇಳೆ ಗೀಳೆ ಎಂತದೂ ಬರೀಬೇಡಿ ಮಾರಾಯ್ರೆ. ನಿಮ್ಮ ಹೆಸರು ನಿಮ್ಗೆ ಬರ್ತದಲ್ಲ, ಅದೊಂದೇ ಬರೀರಿ."

ಇಪ್ಪತ್ತು ಹೆಂಗಸರು ಸುತ್ತ ನಿಂತು ಕಾವಲು ಕಾದರು. ನಾನು ನನ್ನ ಹೆಸರನ್ನು ತಪ್ಪಿಲ್ಲದೆ ಬರೆದೆ.